ಡೆಸ್ಕ್‌ಟಾಪ್ ಮೇಲೆ ನಿಮ್ಮದೇ ಕನ್ನಡ ವಿಜೆಟ್: ರೈನ್‌ಮೀಟರ್‌ನಲ್ಲಿ ಮೊದಲಿಂದ ಕೊನೆವರೆಗೆ

ಕಂಪ್ಯೂಟರ್ ಪರದೆಯ ಒಂದು ಮೂಲೆಯಲ್ಲಿ ಪುಟ್ಟ ಫಲಕ. ಅದರಲ್ಲಿ ಕನ್ನಡ ಅಂಕಿಗಳಲ್ಲಿ ಗಂಟೆ, ಕೆಳಗೆ ವಾರ ಮತ್ತು ತಾರೀಕು, ಅದರ ಕೆಳಗೆ ಊರಿನ ಬಿಸಿಲಿನ ಲೆಕ್ಕ. ಈ ಬರಹದಲ್ಲಿ ಅದನ್ನು ನಾವು ಒಂದೊಂದೇ ಸಾಲು ಸೇರಿಸಿ ಕಟ್ಟೋಣ. ಬೇಕಾಗಿರುವುದು ಒಂದು ವಿಂಡೋಸ್ ಕಂಪ್ಯೂಟರ್, ಅದರಲ್ಲೇ ಬರುವ ನೋಟ್‌ಪ್ಯಾಡ್, ಕನ್ನಡ ಟೈಪ್ ಮಾಡುವ ಅಭ್ಯಾಸ ಮತ್ತು ಒಂದು ಬಿಡುವಿನ ಭಾನುವಾರ. ಪ್ರೋಗ್ರಾಮಿಂಗ್ ಹಿಂದೆಂದೂ ಮಾಡಿರದಿದ್ದರೂ ನಡೆಯುತ್ತದೆ.

ವಿಜೆಟ್ ಮಾಡಲು ಹತ್ತಾರು ದಾರಿಗಳಿವೆ. ನಾನು ಆರಿಸಿಕೊಂಡಿರುವುದು ವಿಂಡೋಸ್‌ನಲ್ಲಿ ವಿಜೆಟ್ ಕಟ್ಟುವ ತಂತ್ರಾಂಶವಾದ ರೈನ್‌ಮೀಟರ್. ಕಾರಣ ಹೇಳುತ್ತೇನೆ. 2003ರಲ್ಲಿ ಮ್ಯಾಕ್‌ಗೆ ಬಂದ ಕಾನ್‌ಫ್ಯಾಬ್ಯುಲೇಟರ್ ಎಂಬ ವಿಜೆಟ್ ತಂತ್ರಾಂಶವನ್ನು 2005ರಲ್ಲಿ ಯಾಹೂ ಕೊಂಡಿತು, 2012ರಲ್ಲಿ ಆ ಸೇವೆ ನಿಂತಿತು. ಆ್ಯಪಲ್‌ನ ಡ್ಯಾಶ್‌ಬೋರ್ಡ್ 2005ರಲ್ಲಿ ಮ್ಯಾಕ್‌ನ ಟೈಗರ್ ಆವೃತ್ತಿಯ ಜೊತೆ ಬಂತು, 2019ರ ಕ್ಯಾಟಲಿನಾ ಆವೃತ್ತಿಯಲ್ಲಿ ಹೋಯಿತು. ವಿಂಡೋಸ್ ವಿಸ್ಟಾದ ಗ್ಯಾಜೆಟ್‌ಗಳನ್ನು ಬಂದ್ ಮಾಡಿ ಎಂದು ಸುರಕ್ಷತೆಯ ಕಾರಣಕ್ಕೆ ಮೈಕ್ರೋಸಾಫ್ಟೇ 2012ರಲ್ಲಿ ಹೇಳಿತು. ಇವುಗಳಿಗಾಗಿ ಜನ ಪ್ರೀತಿಯಿಂದ ಬರೆದ ವಿಜೆಟ್‌ಗಳೆಲ್ಲ ಜೊತೆಗೇ ಹೋದವು. ರೈನ್‌ಮೀಟರ್ 2001ರಿಂದ ಇದೆ, ಇವತ್ತಿಗೂ ನಡೆಯುತ್ತಿದೆ. ಅದು ಉಚಿತ, ಅದರ ಮೂಲ ಕೋಡ್ ಎಲ್ಲರಿಗೂ ತೆರೆದಿದೆ. ಅದಕ್ಕಿಂತ ದೊಡ್ಡ ವಿಷಯ, ಅದರಲ್ಲಿ ನೀವು ಮಾಡುವ ವಿಜೆಟ್ ಎಂದರೆ ಒಂದು ಸಾದಾ ಪಠ್ಯ ಫೈಲ್ ಅಷ್ಟೆ. ಅದು ನಿಮ್ಮ ಫೋಲ್ಡರ್‌ನಲ್ಲೇ ಇರುತ್ತದೆ. ಯಾವಾಗ ಬೇಕಾದರೂ ತೆರೆದು ಓದಬಹುದು, ತಿದ್ದಬಹುದು.

ಲಿನಕ್ಸ್ ಬಳಸುವವರಿಗೆ ಕಾಂಕಿ ಇದೆ. ಮ್ಯಾಕ್‌ನಲ್ಲಿ ಜಾವಾಸ್ಕ್ರಿಪ್ಟ್ ಬಲ್ಲವರು ಯೂಬರ್‌ಸಿಷ್ಟ್ ನೋಡಬಹುದು. ಅಲ್ಲಿ ಬರೆಯುವ ರೀತಿ ಬೇರೆ, ಆದರೆ ಯೋಚಿಸುವ ಕ್ರಮ ಇದೇ.

ಒಂದು ಸೂಚನೆ. ಆಜ್ಞೆಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಫೈಲ್‌ನಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು. ಸ್ಪೆಲಿಂಗ್ ಅನುಮಾನ ಬಂದರೆ ಪಕ್ಕದಲ್ಲಿ ರೈನ್‌ಮೀಟರ್ ಜೊತೆಗೇ ಬರುವ ಇಲ್ಲಸ್ಟ್ರೋ ಎಂಬ ಸ್ಕಿನ್‌ನ (ರೈನ್‌ಮೀಟರ್‌ನಲ್ಲಿ ವಿಜೆಟ್‌ಗೆ ಹೀಗೆನ್ನುತ್ತಾರೆ) ಗಡಿಯಾರದ ಫೈಲ್ ತೆರೆದಿಟ್ಟುಕೊಳ್ಳಿ. ನಮಗೆ ಬೇಕಾದ ಮುಖ್ಯ ಪದಗಳು ಅದರಲ್ಲಿವೆ. ಉಳಿದವು ರೈನ್‌ಮೀಟರ್‌ನ ಕೈಪಿಡಿಯಲ್ಲಿ ಸಿಗುತ್ತವೆ.

ಏನು ತೋರಿಸಬೇಕು ಎಂದು ಮೊದಲು ಬರೆದುಕೊಳ್ಳಿ

ಹೊಸಬರು ಸಾಮಾನ್ಯವಾಗಿ ಸಿಪಿಯು ಗ್ರಾಫ್, ರ‍್ಯಾಮ್ ಮೀಟರ್, ನೆಟ್ ವೇಗ, ಹಾಡಿನ ಹೆಸರು ಎಲ್ಲವನ್ನೂ ಒಮ್ಮೆಲೇ ಹಾಕಲು ಹೋಗುತ್ತಾರೆ. ಒಂದು ವಾರ ಕಳೆದ ಮೇಲೆ ಅದರಲ್ಲಿ ಮುಕ್ಕಾಲು ಪಾಲನ್ನು ಯಾರೂ ನೋಡುವುದಿಲ್ಲ. ಒಂದು ಕಾಗದದಲ್ಲಿ ನೀವು ದಿನಕ್ಕೆ ನಿಜವಾಗಿ ನೋಡುವ ವಿಷಯಗಳನ್ನು ಬರೆಯಿರಿ. ನನ್ನ ಪಟ್ಟಿ ಇಷ್ಟೇ: ಹೊತ್ತು, ವಾರ, ತಾರೀಕು, ಮುಂದಿನ ಮುಖ್ಯ ದಿನಕ್ಕೆ ಎಷ್ಟು ದಿನ ಬಾಕಿ, ಹೊರಗಿನ ಉಷ್ಣಾಂಶ. ಸೆಕೆಂಡುಗಳು ಬೇಡ. ಕಣ್ಣಂಚಿನಲ್ಲಿ ಏನಾದರೂ ಸದಾ ಚಲಿಸುತ್ತಿದ್ದರೆ ಕೆಲಸದ ಮೇಲೆ ಗಮನ ನಿಲ್ಲುವುದಿಲ್ಲ.

ರೈನ್‌ಮೀಟರ್ ಹಾಕಿಕೊಂಡು ಫೋಲ್ಡರ್ ಮಾಡಿ

ರೈನ್‌ಮೀಟರ್‌ನ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಇನ್‌ಸ್ಟಾಲ್ ಆದ ಕೂಡಲೇ ಪರದೆಯ ಮೇಲೆ ಇಲ್ಲಸ್ಟ್ರೋದ ಕಪ್ಪು ಫಲಕಗಳು ಬರುತ್ತವೆ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಲೋಡ್ ಮಾಡಿ.

ಈಗ ಡಾಕ್ಯುಮೆಂಟ್ಸ್ ಒಳಗೆ ರೈನ್‌ಮೀಟರ್, ಅದರೊಳಗೆ ಸ್ಕಿನ್ಸ್ ಎಂಬ ಫೋಲ್ಡರ್‌ಗೆ ಹೋಗಿ. ಇಲ್ಲಿ ಪ್ರತಿ ವಿಜೆಟ್‌ಗೂ ಸ್ಕಿನ್ ಎಂದೇ ಹೆಸರು. ಅಲ್ಲಿ ನಿಮ್ಮ ವಿಜೆಟ್‌ಗೆ ಹೊಸ ಫೋಲ್ಡರ್ ಮಾಡಿ, ಹೆಸರನ್ನು ಇಂಗ್ಲಿಷಿನಲ್ಲೇ ಕೊಡಿ. ಸ್ಕಿನ್ಸ್ ಫೋಲ್ಡರ್‌ನಲ್ಲಿ ಫೈಲ್ ಅನ್ನು ನೇರವಾಗಿ ಇಡುವಂತಿಲ್ಲ. ಅದು ತನ್ನದೇ ಫೋಲ್ಡರ್ ಒಳಗೇ ಇರಬೇಕು.

ಫೈಲ್ ಉಳಿಸುವ ಬಗೆ: ಕನ್ನಡಿಗರು ಎಡವುವ ಜಾಗ

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ. ರೈನ್‌ಮೀಟರ್‌ನಲ್ಲಿ ಕನ್ನಡ ಮೂಡಲಿಲ್ಲ ಎಂದು ಬಿಟ್ಟುಬಿಡುವವರು ಹೆಚ್ಚಾಗಿ ಇಲ್ಲೇ ಬಿಡುತ್ತಾರೆ.

ನೋಟ್‌ಪ್ಯಾಡ್ ತೆರೆದು ಸೇವ್ ಆ್ಯಸ್ ಒತ್ತಿ. ಕೆಳಗೆ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲ್‌ನಲ್ಲಿ ಬರೆದಿಡುವ ಬಗೆ, ಎಂಬ ಆಯ್ಕೆ ಕಾಣುತ್ತದೆ. ಈಚಿನ ವಿಂಡೋಸ್‌ನಲ್ಲಿ ಅದು ತಾನಾಗಿಯೇ ಯುಟಿಎಫ್-8 ಆಗಿರುತ್ತದೆ. ಅದನ್ನು ಯುಟಿಎಫ್-16 ಎಲ್‌ಇ ಎಂದು ಬದಲಿಸಿ. ಹಳೆಯ ನೋಟ್‌ಪ್ಯಾಡ್‌ನಲ್ಲಿ ಇದೇ ಆಯ್ಕೆ ಬರೀ ಯುನಿಕೋಡ್ ಎಂಬ ಹೆಸರಿನಲ್ಲಿ ಇರುತ್ತಿತ್ತು. ಇಂಗ್ಲಿಷ್ ಅಲ್ಲದ ಅಕ್ಷರಗಳಿರುವ ಸ್ಕಿನ್ ಫೈಲನ್ನು ರೈನ್‌ಮೀಟರ್ ಸರಿಯಾಗಿ ಓದುವುದು ಈ ಬಗೆಯಲ್ಲಿ ಉಳಿಸಿದಾಗ ಮಾತ್ರ. ಯುಟಿಎಫ್-8ರಲ್ಲಿ ಉಳಿಸಿದರೆ ನಿಮ್ಮ ಸೋಮವಾರದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳ ಸಾಲು ಬರುತ್ತದೆ. ತಪ್ಪು ಫಾಂಟ್‌ನದ್ದು ಎಂದುಕೊಂಡು ಜನ ಹತ್ತು ಫಾಂಟ್ ಬದಲಿಸಿ ನೋಡುತ್ತಾರೆ. ಫಾಂಟ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಅದೇ ಕಿಟಕಿಯಲ್ಲಿ ಫೈಲ್ ಪ್ರಕಾರವನ್ನು ಆಲ್ ಫೈಲ್ಸ್ ಎಂದು ಆರಿಸಿ, ಹೆಸರಿನ ಕೊನೆಗೆ ಚುಕ್ಕಿ ಹಾಕಿ ಐಎನ್‌ಐ ಎಂಬ ವಿಸ್ತರಣೆ ಕೊಡಿ. ಇಲ್ಲದಿದ್ದರೆ ನೋಟ್‌ಪ್ಯಾಡ್ ಕೊನೆಗೆ ಟಿಎಕ್ಸ್‌ಟಿ ಸೇರಿಸಿಬಿಡುತ್ತದೆ. ಆಗ ರೈನ್‌ಮೀಟರ್‌ಗೆ ಆ ಫೈಲ್ ಕಾಣುವುದೇ ಇಲ್ಲ.

ಇನ್ನೊಂದು ಎಚ್ಚರ: ನುಡಿ, ಬರಹದ ಹಳೆಯ ಎನ್‌ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಪಠ್ಯ ಇಲ್ಲಿ ಆಗುವುದಿಲ್ಲ. ಯುನಿಕೋಡ್ ಕನ್ನಡವೇ ಬೇಕು. ವಿಂಡೋಸ್‌ನ ಕನ್ನಡ ಕೀಬೋರ್ಡ್ ಬಳಸಿದರೆ ಆ ಚಿಂತೆ ಇರುವುದಿಲ್ಲ.

ಮೆಷರ್ ಮತ್ತು ಮೀಟರ್

ರೈನ್‌ಮೀಟರ್ ಫೈಲ್ ತುಂಬ ಸರಳ. ಚೌಕ ಆವರಣದಲ್ಲಿ ಒಂದು ಹೆಸರು, ಅದರ ಕೆಳಗೆ ಸಾಲಿಗೊಂದರಂತೆ ಸೂಚನೆಗಳು. ಪ್ರತಿ ಸೂಚನೆಯಲ್ಲೂ ಎಡಕ್ಕೆ ಆಯ್ಕೆಯ ಹೆಸರು, ನಡುವೆ ಸಮ ಚಿಹ್ನೆ, ಬಲಕ್ಕೆ ಬೆಲೆ, ಅಂದರೆ ಆ ಆಯ್ಕೆಗೆ ಕೊಡುವ ಪದ ಅಥವಾ ಸಂಖ್ಯೆ. ಇಂಥ ಒಂದು ಗುಂಪಿಗೆ ಸೆಕ್ಷನ್ ಎನ್ನುತ್ತಾರೆ.

ಸೆಕ್ಷನ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಮೆಷರ್ ಮಾಹಿತಿ ತರುತ್ತದೆ, ಮೀಟರ್ ಅದನ್ನು ಪರದೆಯ ಮೇಲೆ ಬರೆಯುತ್ತದೆ. ಮದುವೆ ಮನೆಯಲ್ಲಿ ಅಡುಗೆ ಮಾಡುವವರು ಬೇರೆ, ಬಡಿಸುವವರು ಬೇರೆ, ಅಲ್ವಾ? ಹಾಗೆಯೇ. ಮೆಷರ್ ಮಾತ್ರ ಬರೆದರೆ ಏನೂ ಕಾಣುವುದಿಲ್ಲ. ಒಂದೇ ಮೆಷರ್ ತಂದದ್ದನ್ನು ಎರಡು ಮೀಟರ್‌ಗಳು ಬೇರೆ ಬೇರೆ ರೂಪದಲ್ಲಿ ತೋರಿಸಬಹುದು, ಒಂದು ಅಕ್ಷರದಲ್ಲಿ, ಇನ್ನೊಂದು ಪಟ್ಟಿಯಾಗಿ. ಈ ವಿಂಗಡಣೆ ಒಮ್ಮೆ ತಲೆಗೆ ಹೋದರೆ ಉಳಿದದ್ದೆಲ್ಲ ಸುಲಭ.

ಮೊದಲ ಸೆಕ್ಷನ್‌ನ ಹೆಸರು ರೈನ್‌ಮೀಟರ್ ಎಂದೇ ಇರಬೇಕು. ಅದರಲ್ಲಿ ಎರಡು ಸಾಲು ಬರೆಯಿರಿ. ಅಪ್‌ಡೇಟ್‌ಗೆ 1000, ಅಂದರೆ 1000 ಮಿಲಿಸೆಕೆಂಡಿಗೊಮ್ಮೆ ಪರಿಶೀಲನೆ. ಡೈನಮಿಕ್‌ವಿಂಡೋಸೈಜ್‌ಗೆ 1. ಭಾನುವಾರದ ಅಗಲ ಬೇರೆ, ಬುಧವಾರದ ಅಗಲ ಬೇರೆ. ಎರಡನೆಯ ಸಾಲು ಇಲ್ಲದಿದ್ದರೆ ಉದ್ದದ ಪದ ಬಂದಾಗ ಕೊನೆ ಕತ್ತರಿಸಿಹೋಗುತ್ತದೆ.

ಗಡಿಯಾರ

ಹೊಸ ಸೆಕ್ಷನ್ ಬರೆದು ಅದಕ್ಕೆ ನಿಮಗಿಷ್ಟವಾದ ಹೆಸರು ಕೊಡಿ. ಮೆಷರ್ ಎಂಬ ಆಯ್ಕೆಗೆ ಟೈಮ್ ಎಂಬ ಬೆಲೆ. ಫಾರ್ಮ್ಯಾಟ್ ಎಂಬ ಆಯ್ಕೆಯಲ್ಲಿ ಶೇಕಡಾ ಚಿಹ್ನೆ ಹಾಕಿ ದೊಡ್ಡ ಐ, ಕೋಲನ್, ಮತ್ತೆ ಶೇಕಡಾ ಚಿಹ್ನೆ ಹಾಕಿ ದೊಡ್ಡ ಎಂ. ಇದು 12 ಗಂಟೆಯ ಲೆಕ್ಕದಲ್ಲಿ ಗಂಟೆ ಮತ್ತು ನಿಮಿಷ. ಗಂಟೆಯ ಮುಂದಿನ ಸೊನ್ನೆ ಬೇಡವಾದರೆ ಶೇಕಡಾ ಚಿಹ್ನೆ ಮತ್ತು ಐ ನಡುವೆ ಒಂದು ಹ್ಯಾಶ್ ಸೇರಿಸಿ.

ಇದನ್ನು ತೋರಿಸಲು ಇನ್ನೊಂದು ಸೆಕ್ಷನ್. ಮೀಟರ್ ಆಯ್ಕೆಗೆ ಸ್ಟ್ರಿಂಗ್. ಮೆಷರ್‌ನೇಮ್‌ಗೆ ಮೇಲಿನ ಸೆಕ್ಷನ್‌ನ ಹೆಸರು. ಫಾಂಟ್‌ಫೇಸ್‌ಗೆ ನಿರ್ಮಲಾ ಯುಐ, ಫಾಂಟ್‌ಸೈಜ್‌ಗೆ 40, ಫಾಂಟ್‌ಕಲರ್‌ಗೆ 255,255,255. ಅಕ್ಷರದ ಅಂಚು ನಯವಾಗಿ ಕಾಣಲು ಆ್ಯಂಟಿಅಲಿಯಾಸ್‌ಗೆ 1. ನಿರ್ಮಲಾ ಯುಐ ಫಾಂಟ್ ವಿಂಡೋಸ್ 8ರಿಂದ ವ್ಯವಸ್ಥೆಯ ಜೊತೆಗೇ ಬರುತ್ತದೆ, ಕನ್ನಡ ಅದರಲ್ಲಿದೆ.

ಫೈಲ್ ಉಳಿಸಿ. ಟಾಸ್ಕ್‌ಬಾರ್‌ನ ರೈನ್‌ಮೀಟರ್ ಹನಿ ಗುರುತನ್ನು ಒತ್ತಿದರೆ ಮ್ಯಾನೇಜ್ ಕಿಟಕಿ ತೆರೆಯುತ್ತದೆ. ಹೊಸ ಫೋಲ್ಡರ್ ಅಲ್ಲಿ ತಾನಾಗಿ ಬರುವುದಿಲ್ಲ. ರಿಫ್ರೆಶ್ ಆಲ್ ಒತ್ತಿ, ಆಮೇಲೆ ಎಡಗಡೆಯ ಪಟ್ಟಿಯಲ್ಲಿ ನಿಮ್ಮ ಫೈಲ್ ಆರಿಸಿ ಲೋಡ್ ಒತ್ತಿ. ಪರದೆಯ ಎಡ ಮೇಲ್ಮೂಲೆಯಲ್ಲಿ ಗಂಟೆ ಮೂಡಬೇಕು. ಎಳೆದು ಬೇಕಾದಲ್ಲಿ ಇಡಿ. ಮುಂದೆ ಫೈಲ್ ಬದಲಿಸಿದಾಗಲೆಲ್ಲ ವಿಜೆಟ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಕೊಟ್ಟರೆ ಸಾಕು.

ಅಂಕಿ, ವಾರ, ತಿಂಗಳು ಕನ್ನಡಕ್ಕೆ

ಈ ಯೋಜನೆಯಲ್ಲಿ ನನಗೆ ಅತಿ ಇಷ್ಟದ ಭಾಗ ಇದು. ಮೆಷರ್‌ನಲ್ಲಿ ಸಬ್‌ಸ್ಟಿಟ್ಯೂಟ್ ಎಂಬ ಆಯ್ಕೆ ಇದೆ. ಒಂದು ಪಠ್ಯ ಬಂದರೆ ಅದರ ಬದಲು ಇನ್ನೊಂದನ್ನು ಹಾಕು ಎಂದು ಹೇಳುವ ಸಾಲು ಅದು. ಗಂಟೆಯ ಮೆಷರ್‌ಗೆ ಹೀಗೆ ಸೇರಿಸಿ:

"0":"೦","1":"೧","2":"೨","3":"೩","4":"೪","5":"೫","6":"೬","7":"೭","8":"೮","9":"೯"

ರಿಫ್ರೆಶ್ ಕೊಡಿ. ೧೦:೪೫ ಎಂದು ಪರದೆಯ ಮೇಲೆ ನೋಡಿದಾಗ ಆಗುವ ಖುಷಿಯೇ ಬೇರೆ. ಉದ್ಧರಣ ಚಿಹ್ನೆಗಳು ನೇರವಾಗಿರಬೇಕು. ವರ್ಡ್‌ನಿಂದ ನಕಲು ಮಾಡಿದರೆ ಅವು ಬಾಗಿದ ಚಿಹ್ನೆಗಳಾಗಿ ಬರುತ್ತವೆ, ಆಗ ಸಾಲು ಕೆಲಸ ಮಾಡುವುದಿಲ್ಲ.

ವಾರಕ್ಕೆ ಇನ್ನೊಂದು ಟೈಮ್ ಮೆಷರ್. ಫಾರ್ಮ್ಯಾಟ್‌ನಲ್ಲಿ ಶೇಕಡಾ ಚಿಹ್ನೆ ಮತ್ತು ಸಣ್ಣ ಡಬ್ಲ್ಯೂ. ಅದು ಭಾನುವಾರಕ್ಕೆ 0 ಕೊಟ್ಟು ಶನಿವಾರಕ್ಕೆ 6ರವರೆಗೆ ಎಣಿಸುತ್ತದೆ. ಸಬ್‌ಸ್ಟಿಟ್ಯೂಟ್ ಸಾಲು:

"0":"ಭಾನುವಾರ","1":"ಸೋಮವಾರ","2":"ಮಂಗಳವಾರ","3":"ಬುಧವಾರ","4":"ಗುರುವಾರ","5":"ಶುಕ್ರವಾರ","6":"ಶನಿವಾರ"

ತಿಂಗಳಿಗೆ ಶೇಕಡಾ ಚಿಹ್ನೆ ಮತ್ತು ಸಣ್ಣ ಎಂ. ಇದು ಯಾವಾಗಲೂ ಎರಡು ಅಂಕಿ ಕೊಡುತ್ತದೆ. ಆದ್ದರಿಂದ "01":"ಜನವರಿ","02":"ಫೆಬ್ರವರಿ" ಎಂದು ಎರಡೆರಡು ಅಂಕಿಯಲ್ಲೇ "12":"ಡಿಸೆಂಬರ್" ತನಕ ಬರೆಯಿರಿ. ಬರೀ "1":"ಜನವರಿ" ಎಂದು ಬರೆದರೆ ನವೆಂಬರ್ ಬಂದಾಗ 11ರ ಎರಡೂ ಒಂದುಗಳು ಬದಲಾಗಿ ಜನವರಿಜನವರಿ ಎಂದು ಮೂಡುತ್ತದೆ. ಜನವರಿಯಲ್ಲಿ ಬರೆದವರಿಗೆ ಅಕ್ಟೋಬರ್ ತನಕ ಈ ಎಡವಟ್ಟು ಪೂರ್ತಿ ಗೊತ್ತಾಗುವುದಿಲ್ಲ.

ಈಗ ಹೊತ್ತು. ಶೇಕಡಾ ಚಿಹ್ನೆ ಮತ್ತು ದೊಡ್ಡ ಎಚ್ ಕೊಟ್ಟರೆ 00ಯಿಂದ 23ರ ತನಕ ಗಂಟೆ ಬರುತ್ತದೆ. ಎಎಂ, ಪಿಎಂ ಬದಲು ಈ 24 ಬೆಲೆಗಳಿಗೂ ನಿಮ್ಮ ಮನೆಯಲ್ಲಿ ಹೇಳುವ ಮಾತನ್ನೇ ಕೊಡಿ. ನಾನು 04 ಮತ್ತು 05ಕ್ಕೆ ಬೆಳಗಿನ ಜಾವ, 06ರಿಂದ 11ಕ್ಕೆ ಬೆಳಗ್ಗೆ, 12ರಿಂದ 15ಕ್ಕೆ ಮಧ್ಯಾಹ್ನ, 16ರಿಂದ 18ಕ್ಕೆ ಸಂಜೆ, ಉಳಿದದ್ದಕ್ಕೆ ರಾತ್ರಿ ಎಂದು ಇಟ್ಟಿದ್ದೇನೆ. ಉದ್ದದ ಸಾಲು, ಆದರೆ ಒಂದು ಸಲ ಬರೆದರೆ ಮುಗಿಯಿತು.

ತಾರೀಕಿನ ದಿನಕ್ಕೆ ಸಣ್ಣ ಡಿ, ಅದಕ್ಕೆ ಅಂಕಿಗಳ ಸಬ್‌ಸ್ಟಿಟ್ಯೂಟ್ ಸಾಲನ್ನೇ ನಕಲು ಮಾಡಿ. ಇವೆಲ್ಲ ಬೇರೆ ಬೇರೆ ಮೆಷರ್‌ಗಳಾಗಿಯೇ ಇರಲಿ. ಒಂದರಲ್ಲೇ ತುರುಕಿದರೆ ತಿಂಗಳಿನ ಅಂಕಿಯೂ ದಿನದ ಅಂಕಿಯೂ ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ತೋರಿಸುವಾಗ ಮಾತ್ರ ಒಂದೇ ಮೀಟರ್ ಸಾಕು. ಮೆಷರ್‌ನೇಮ್, ಮೆಷರ್‌ನೇಮ್2, ಮೆಷರ್‌ನೇಮ್3 ಎಂದು ಮೂರನ್ನೂ ಹೆಸರಿಸಿ, ಟೆಕ್ಸ್ಟ್ ಎಂಬ ಆಯ್ಕೆಗೆ %1, %2 %3 ಎಂದು ಬರೆಯಿರಿ. ವಾರ, ದಿನ, ತಿಂಗಳು ಆ ಜಾಗಗಳಲ್ಲಿ ಕೂರುತ್ತವೆ.

ನೋಟ

ಬಿಳಿ ಅಕ್ಷರ ತಿಳಿ ಬಣ್ಣದ ವಾಲ್‌ಪೇಪರ್ ಮೇಲೆ ಓದಲಾಗುವುದಿಲ್ಲ. ಹಿಂದೆ ಅರೆಪಾರದರ್ಶಕ ಫಲಕ ಬೇಕು. ಮೀಟರ್ ಆಯ್ಕೆಗೆ ಶೇಪ್ ಎಂದು ಕೊಟ್ಟು ಒಂದು ಸೆಕ್ಷನ್ ಬರೆಯಿರಿ. ಅದರಲ್ಲಿ ಶೇಪ್ ಎಂಬ ಸಾಲಿಗೆ ರೆಕ್ಟ್ಯಾಂಗಲ್ ಪದದ ಮುಂದೆ 0,0,340,190,18. ಮೊದಲೆರಡು ಜಾಗ, ಆಮೇಲೆ ಅಗಲ, ಎತ್ತರ, ಕೊನೆಯದು ಮೂಲೆಯ ದುಂಡು. ಒಂದು ಲಂಬ ಗೆರೆ ಹಾಕಿ ಫಿಲ್ ಕಲರ್ 20,20,20,170, ಇನ್ನೊಂದು ಲಂಬ ಗೆರೆ ಹಾಕಿ ಸ್ಟ್ರೋಕ್‌ವಿಡ್ತ್ 0. ಬಣ್ಣದ ನಾಲ್ಕನೆಯ ಸಂಖ್ಯೆ ಅಪಾರದರ್ಶಕತೆ, 255 ಎಂದರೆ ಪೂರ್ತಿ ಗಟ್ಟಿ.

ಈ ಸೆಕ್ಷನ್ ಉಳಿದೆಲ್ಲ ಮೀಟರ್‌ಗಳಿಗಿಂತ ಮೇಲೆ ಇರಬೇಕು. ಫೈಲ್‌ನಲ್ಲಿ ಆಮೇಲೆ ಬಂದದ್ದು ಪರದೆಯಲ್ಲಿ ಮೇಲೆ ಕೂರುತ್ತದೆ. ಫಲಕವನ್ನು ಕೊನೆಗೆ ಬರೆದರೆ ಅದು ಅಕ್ಷರಗಳನ್ನೇ ಮುಚ್ಚುತ್ತದೆ.

ಸಾಲುಗಳ ಜಾಗವನ್ನು ಎಕ್ಸ್ ಮತ್ತು ವೈ ಆಯ್ಕೆಗಳಲ್ಲಿ ಕೊಡಿ. ವೈಗೆ ಬರೀ ಸಂಖ್ಯೆ ಕೊಡುವ ಬದಲು 4ರ ಪಕ್ಕ ದೊಡ್ಡ ಆರ್ ಹಾಕಿದರೆ ಹಿಂದಿನ ಮೀಟರ್ ಮುಗಿದಲ್ಲಿಂದ 4 ಪಿಕ್ಸೆಲ್ ಕೆಳಗೆ ಎಂದರ್ಥ. ಆಗ ಒಂದರ ಗಾತ್ರ ಬದಲಿಸಿದರೆ ಉಳಿದವು ತಾವೇ ಸರಿಯುತ್ತವೆ. ಅಕ್ಷರದ ಮೀಟರ್‌ಗೆ ಎತ್ತರ ಮಾತ್ರ ನಿಗದಿ ಮಾಡಬೇಡಿ. ಇಂಗ್ಲಿಷಿಗೆ ಅಳೆದ ಎತ್ತರದಲ್ಲಿ ನಮ್ಮ ಒತ್ತಕ್ಷರಗಳು ಕೆಳಗೆ ತುಂಡಾಗುತ್ತವೆ. ಶುಕ್ರವಾರ, ಅಕ್ಟೋಬರ್, ಮಧ್ಯಾಹ್ನ ಈ ಮೂರು ಪದ ಸರಿಯಾಗಿ ಕಂಡರೆ ಉಳಿದವೂ ಸರಿ ಎಂದುಕೊಳ್ಳಿ.

ಫಾಂಟ್ ಬದಲಿಸುವುದಾದರೆ ನೋಟೋ ಸಾನ್ಸ್ ಕನ್ನಡ ಓದಲು ಹಿತ. ದಪ್ಪ ಅಂಕಿ ಬೇಕಾದರೆ ಬಲೂ ತಮ್ಮ 2 ಚೆಂದ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತ. ನಿಮ್ಮ ಸ್ಕಿನ್ ಫೋಲ್ಡರ್ ಒಳಗೆ @ ಚಿಹ್ನೆಯಿಂದ ಶುರುವಾಗುವ ರಿಸೋರ್ಸಸ್ ಫೋಲ್ಡರ್, ಅದರೊಳಗೆ ಫಾಂಟ್ಸ್ ಫೋಲ್ಡರ್ ಮಾಡಿ ಫಾಂಟ್ ಫೈಲ್ ಅಲ್ಲಿ ಹಾಕಿ. ಫಾಂಟ್‌ಫೇಸ್‌ನಲ್ಲಿ ಬರೆಯಬೇಕಾದ್ದು ಫಾಂಟ್‌ನ ಹೆಸರು, ಫೈಲ್‌ನ ಹೆಸರಲ್ಲ.

ಕೊನೆಗೆ ರೈಟ್ ಕ್ಲಿಕ್‌ನ ಸೆಟ್ಟಿಂಗ್ಸ್‌ನಲ್ಲಿ ಪೊಸಿಷನ್ ಅನ್ನು ಆನ್ ಡೆಸ್ಕ್‌ಟಾಪ್ ಎಂದು ಇಡಿ. ಕ್ಲಿಕ್ ಥ್ರೂ ಹಾಕಿದರೆ ಮೌಸ್ ವಿಜೆಟ್‌ಗೆ ತಾಗದೆ ಹಿಂದಿನದಕ್ಕೆ ಹೋಗುತ್ತದೆ.

ಎಷ್ಟು ದಿನ ಬಾಕಿ

ಮಕ್ಕಳ ಪರೀಕ್ಷೆ ಇರಲಿ, ನವೆಂಬರ್ 1ರ ರಾಜ್ಯೋತ್ಸವ ಇರಲಿ, ಇದಕ್ಕೆ ಮೂರು ಮೆಷರ್ ಬೇಕು. ಮೊದಲನೆಯದು ಫಾರ್ಮ್ಯಾಟ್ ಇಲ್ಲದ ಟೈಮ್ ಮೆಷರ್. ಫಾರ್ಮ್ಯಾಟ್ ಕೊಡದಿದ್ದರೆ ಅದು 1601ರ ಜನವರಿ 1ರಿಂದ ಈವರೆಗಿನ ಸೆಕೆಂಡುಗಳನ್ನು ಕೊಡುತ್ತದೆ. ವಿಂಡೋಸ್ ಕಾಲ ಎಣಿಸುವುದು ಆ ದಿನದಿಂದ. ಎರಡನೆಯದು ಇನ್ನೊಂದು ಟೈಮ್ ಮೆಷರ್, ಇದಕ್ಕೆ ಟೈಮ್‌ಸ್ಟ್ಯಾಂಪ್ ಆಯ್ಕೆಯಲ್ಲಿ ಗುರಿಯ ದಿನಾಂಕ, ಟೈಮ್‌ಸ್ಟ್ಯಾಂಪ್‌ಫಾರ್ಮ್ಯಾಟ್‌ನಲ್ಲಿ ಅದನ್ನು ಬರೆದ ಕ್ರಮ. ಮೂರನೆಯದು ಕ್ಯಾಲ್ಕ್ ಮೆಷರ್. ಅದರ ಫಾರ್ಮುಲಾ ಗುರಿಯಿಂದ ಈಗಿನದನ್ನು ಕಳೆದು 86400ರಿಂದ ಭಾಗಿಸಬೇಕು, ದಿನಕ್ಕೆ ಅಷ್ಟು ಸೆಕೆಂಡು. ಇಡೀ ಲೆಕ್ಕವನ್ನು ಸೀಲ್ ಎಂಬ ಫಂಕ್ಷನ್ ಒಳಗೆ ಹಾಕಿ, ಭಿನ್ನರಾಶಿ ಮೇಲಿನ ಪೂರ್ಣಾಂಕಕ್ಕೆ ಏರುತ್ತದೆ. ಫಾರ್ಮುಲಾದಲ್ಲಿ ಮೆಷರ್‌ಗಳ ಹೆಸರಿಗೆ ಚೌಕ ಆವರಣ ಬೇಡ, ಬರೀ ಹೆಸರು ಸಾಕು. ಫಲಿತಾಂಶಕ್ಕೂ ಅಂಕಿಗಳ ಸಬ್‌ಸ್ಟಿಟ್ಯೂಟ್ ಸಾಲು ಹಾಕಿದರೆ ಕನ್ನಡದಲ್ಲಿ ಬರುತ್ತದೆ.

ಊರಿನ ಉಷ್ಣಾಂಶ

ಇದು ಸ್ವಲ್ಪ ಕಷ್ಟದ ಹೆಜ್ಜೆ, ಆದರೆ ಕಲಿಕೆ ಜಾಸ್ತಿ ಇರುವುದೂ ಇಲ್ಲೇ. ಓಪನ್-ಮೀಟಿಯೊ ಎಂಬ ಸೇವೆ ವ್ಯಾಪಾರಕ್ಕಲ್ಲದ ಬಳಕೆಗೆ ಉಚಿತ, ನೋಂದಣಿಯೂ ಬೇಡ. ಅದರ ತಾಣದಲ್ಲಿ ಊರಿನ ಅಕ್ಷಾಂಶ, ರೇಖಾಂಶ ಕೊಟ್ಟರೆ (ಬೆಂಗಳೂರಿಗೆ 12.97, 77.59) ಮತ್ತು ಈಗಿನ ಉಷ್ಣಾಂಶ ಎಂಬುದನ್ನು ಟಿಕ್ ಮಾಡಿದರೆ ಒಂದು ವಿಳಾಸ ತಯಾರಾಗುತ್ತದೆ. ಅದನ್ನು ಬ್ರೌಸರ್‌ನಲ್ಲಿ ತೆರೆದು ಬರುವ ಪಠ್ಯವನ್ನು ಮೊದಲು ಕಣ್ಣಾರೆ ಓದಿ. ಈ ಓದನ್ನು ಬಿಟ್ಟು ಮುಂದೆ ಹೋಗಬೇಡಿ.

ಓದಿದರೆ ಒಂದು ವಿಷಯ ಕಾಣುತ್ತದೆ. ಉಷ್ಣಾಂಶದ ಹೆಸರು ಎರಡು ಸಲ ಬರುತ್ತದೆ. ಮೊದಲ ಸಲ ಕರೆಂಟ್ ಯೂನಿಟ್ಸ್ ಎಂಬ ಗುಂಪಿನಲ್ಲಿ, ಅಲ್ಲಿ ಇರುವುದು ಅಳತೆಯ ಚಿಹ್ನೆ ಮಾತ್ರ. ನಿಜವಾದ ಸಂಖ್ಯೆ ಇರುವುದು ಎರಡನೆಯ ಸಲ, ಬರೀ ಕರೆಂಟ್ ಎಂಬ ಗುಂಪಿನಲ್ಲಿ.

ಈಗ ಮೆಷರ್ ಆಯ್ಕೆಗೆ ವೆಬ್‌ಪಾರ್ಸರ್ ಎಂದು ಕೊಟ್ಟು ಒಂದು ಸೆಕ್ಷನ್ ಬರೆಯಿರಿ. ಯುಆರ್‌ಎಲ್ ಆಯ್ಕೆಗೆ ಆ ವಿಳಾಸ. ರೆಗ್‌ಎಕ್ಸ್‌ಪ್ ಆಯ್ಕೆಯಲ್ಲಿ ಹುಡುಕುವ ಮಾದರಿ. ಮಾದರಿ ಉದ್ಧರಣ ಚಿಹ್ನೆಯ ಒಳಗಿನ ಕರೆಂಟ್ ಮತ್ತು ಅದಕ್ಕೆ ತಾಗಿದ ಕೋಲನ್‌ನಿಂದಲೇ ಶುರುವಾಗಬೇಕು. ಆಗ ಯೂನಿಟ್ಸ್ ಗುಂಪು ತಾನಾಗಿ ಹಿಂದೆ ಉಳಿಯುತ್ತದೆ. ಆಮೇಲೆ ನಡುವಿನದನ್ನು ದಾಟಲು ಚುಕ್ಕಿ ಮತ್ತು ನಕ್ಷತ್ರ, ಅದಾದ ಮೇಲೆ ಉದ್ಧರಣ ಚಿಹ್ನೆಯ ಒಳಗಿನ ಉಷ್ಣಾಂಶದ ಹೆಸರು ಮತ್ತು ಅದಕ್ಕೆ ತಾಗಿದ ಕೋಲನ್, ಬೇಕಾದ ಸಂಖ್ಯೆಯ ಜಾಗದಲ್ಲಿ ದುಂಡು ಆವರಣದೊಳಗೆ ಚುಕ್ಕಿ ಮತ್ತು ನಕ್ಷತ್ರ, ಕೊನೆಗೆ ಮುಚ್ಚುವ ಹೂ ಆವರಣ, ಅದರ ಹಿಂದೆ ಒಂದು ಬ್ಯಾಕ್‌ಸ್ಲ್ಯಾಶ್. ಇದಲ್ಲದೆ ದುಂಡು ಆವರಣದ ಒಳಗೆ ಪ್ರಶ್ನೆ ಚಿಹ್ನೆ ಹಾಕಿ ಸಣ್ಣ ಎಸ್, ಸಣ್ಣ ಐ, ದೊಡ್ಡ ಯು ಬರೆಯುವ ಪದ್ಧತಿ ಇದೆ. ಇದನ್ನು ಮಾದರಿಯಲ್ಲಿ ಎಲ್ಲಕ್ಕಿಂತ ಮೊದಲು, ಕರೆಂಟ್‌ಗೂ ಮುಂಚೆ ಇಡಬೇಕು. ಸ್ಟ್ರಿಂಗ್‌ಇಂಡೆಕ್ಸ್‌ಗೆ 1.

ಅಪ್‌ಡೇಟ್‌ರೇಟ್‌ಗೆ 900 ಕೊಡಿ. ಸ್ಕಿನ್‌ನ ಅಪ್‌ಡೇಟ್ 1000 ಇರುವಾಗ ಅದು 15 ನಿಮಿಷ. ಆ ಸೇವೆ ಕೊಡುವ ಈಗಿನ ಲೆಕ್ಕವೂ 15 ನಿಮಿಷದ್ದೇ, ಅದಕ್ಕಿಂತ ಬೇಗ ಕೇಳಿ ಲಾಭವಿಲ್ಲ. ಮುಂದೆಂದಾದರೂ ಚಲನೆ ನಯವಾಗಲಿ ಎಂದು ಅಪ್‌ಡೇಟ್ ಅನ್ನು 100ಕ್ಕೆ ಇಳಿಸಿದರೆ ಈ 15 ನಿಮಿಷ ಒಂದೂವರೆ ನಿಮಿಷವಾಗುತ್ತದೆ. ಉಚಿತವಾಗಿ ಕೊಡುವವರ ಸರ್ವರ್ ಮೇಲೆ ಸುಮ್ನೆ ಹೊರೆ ಹಾಕುವುದು ಸರಿಯಲ್ಲ, ಆಗ ಈ ಸಂಖ್ಯೆಯನ್ನೂ 9000ಕ್ಕೆ ಏರಿಸಿ.

ಏನೂ ಕಾಣದಿದ್ದರೆ

ಅಬೌಟ್ ಕಿಟಕಿ ತೆರೆಯಿರಿ. ಲಾಗ್ ಎಂಬ ಪುಟದಲ್ಲಿ ದೋಷಗಳು ಬರುತ್ತವೆ. ಸ್ಕಿನ್ಸ್ ಎಂಬ ಪುಟದಲ್ಲಿ ಪ್ರತಿ ಮೆಷರ್‌ನ ಈ ಕ್ಷಣದ ಬೆಲೆ ಕಾಣುತ್ತದೆ. ನೋಡುವ ಕ್ರಮ ಇದು: ಮೆಷರ್‌ನಲ್ಲಿ ಬೆಲೆ ಸರಿ ಇದೆಯೇ? ಇದ್ದರೆ ತಪ್ಪು ಮೀಟರ್‌ನಲ್ಲಿ, ಇಲ್ಲದಿದ್ದರೆ ಮೆಷರ್‌ನಲ್ಲಿ. ಅರ್ಧ ಹುಡುಕಾಟ ಅಲ್ಲಿಗೇ ಮುಗಿಯುತ್ತದೆ. ಒಂದೇ ಹೆಸರಿನ ಎರಡು ಸೆಕ್ಷನ್ ಇವೆಯೇ ಎಂದೂ ನೋಡಿ. ನಕಲು ಮಾಡಿ ಅಂಟಿಸುವಾಗ ಹೆಸರು ಬದಲಿಸಲು ಮರೆತರೆ ಒಂದು ಮಾತ್ರ ಕೆಲಸ ಮಾಡುತ್ತದೆ.

ಹಂಚುವುದು

ಮ್ಯಾನೇಜ್ ಕಿಟಕಿಯಲ್ಲಿ ಪ್ಯಾಕೇಜ್ ತಯಾರಿಸುವ ಗುಂಡಿ ಇದೆ. ಅದು ಇಡೀ ಫೋಲ್ಡರನ್ನು ಆರ್‌ಎಂಸ್ಕಿನ್ ಎಂಬ ಒಂದೇ ಫೈಲ್ ಮಾಡಿಕೊಡುತ್ತದೆ. ಗೆಳೆಯರು ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಾಕು. ಕಳಿಸುವ ಮೊದಲು ಮೆಟಾಡೇಟಾ ಎಂಬ ಸೆಕ್ಷನ್‌ನಲ್ಲಿ ಹೆಸರು, ಆವೃತ್ತಿ, ಲೈಸೆನ್ಸ್ ಬರೆಯಿರಿ. ಫಾಂಟ್ ಸೇರಿಸಿದ್ದರೆ ಅದರ ಲೈಸೆನ್ಸ್ ಫೈಲೂ ಜೊತೆಗಿರಲಿ. ಊರಿನ ಅಕ್ಷಾಂಶ, ರೇಖಾಂಶಗಳನ್ನು ವೇರಿಯಬಲ್ಸ್ ಎಂಬ ಸೆಕ್ಷನ್‌ಗೆ ಎತ್ತಿಡಿ. ಹುಬ್ಬಳ್ಳಿಯವರೋ ದುಬೈಯಲ್ಲಿರುವವರೋ ಆ ಎರಡು ಸಾಲು ಮಾತ್ರ ಬದಲಿಸಿಕೊಳ್ಳುತ್ತಾರೆ.

ಬೇರೆಯವರ ಪ್ಯಾಕೇಜ್ ಹಾಕಿಕೊಳ್ಳುವಾಗ ಎಚ್ಚರ. ಸ್ಕಿನ್ ನಿಮ್ಮ ಕಂಪ್ಯೂಟರ್‌ನಲ್ಲಿ ಪ್ರೋಗ್ರಾಂಗಳನ್ನು ಓಡಿಸಬಲ್ಲದು, ಪ್ಯಾಕೇಜ್ ಒಳಗೆ ಪ್ಲಗಿನ್‌ಗಳೂ ಬರಬಹುದು. ಗೊತ್ತಿಲ್ಲದವರಿಂದ ಬಂದದ್ದನ್ನು ಹಾಕಬೇಡಿ. ಹಾಕಿದರೂ ಫೈಲ್ ತೆರೆದು ಒಮ್ಮೆ ಓದಿ. ಇಷ್ಟು ಮಾಡಿದ ಮೇಲೆ ಅದನ್ನು ಓದಲು ನಿಮಗೆ ಬರುತ್ತದೆ.